ಸಂತೆಯಲ್ಲಿ ಹೊಡೆದ ಚಪ್ಪಲಿ

ಗೂಳಪ್ಪನ ಹೆಣವನ್ನು ಕುಣಿಗೆ ಇಳಿಸಿ ಕೂಡ್ರಿಸುವಷ್ಟರಲ್ಲಿ ಮಲ್ಲೇಶನ ಬೆನ್ನೆಲ್ಲ ಬೆವರಾಗಿತ್ತು. ಹಿಡಿಯಲು ಕೈಗಳು ಸಾಲದಾಗಿದ್ದವು. ಮಣ್ಣಿಗೆ ಬಂದವರು ಎಂಟೇ ಜನ.

"ಗೋವಾದ ಪರಂಗಿ ಮಂದಿಗೆ ಸುದ್ದಿ ಮಾರಿದಾಂವ. ಇಷ್ಟ ಮಂದಿ ಬಂದದ್ದ ಹೆಚ್ಚ," ಎಂದರು ಅಡಿವೆಯ್ಯನವರು, ವಿಭೂತಿ ಪುಡಿ ಮಾಡುತ್ತ.

"ಮೆಲ್ಲಕ ಅನ್ರಿ ಅಯ್ಯಾರ, ಮಗಳು ಇಲ್ಲೇ ನಿಂತಾಳ."

"ಅನ್ಲಿ ಬಿಡೋ ಮಲ್ಲೇಶ," ಎಂದಳು ಅನ್ನಪೂರ್ಣಾ. ಅರವತ್ತರ ಹತ್ತಿರದವಳು. "ಇದ ಮಾತಿಗೆ ನನ್ನ ಲಗ್ನ ಎರಡು ಸಲ ಮುರೀತು. ಹೊಸಾದೇನಲ್ಲ."

ಊರ ಹಿರಿಯ ಉಳವಪ್ಪ ಕೋಲೂರಿ ನಿಂತಿದ್ದ. ಮಣ್ಣು ಬೀಳುವ ಮೊದಲು ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆನೆಂದು ಅವನಿಗೆ ಗೊತ್ತಿತ್ತು.

*

ಅರವತ್ತೊಂದನೆಯ ಇಸವಿ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು, ಗಡಿ ಮುಚ್ಚಿತ್ತು. ಗೂಳಪ್ಪ ಕದ್ದು ಮೆಣಸಿನಕಾಯಿ ದಾಟಿಸುತ್ತಿದ್ದ. ಸೈನ್ಯದ ಸಾಹೇಬನೊಬ್ಬ ಅವನನ್ನೂ ಗೆಳೆಯ ಉಳವಪ್ಪನನ್ನೂ ಗಡಿ ಹತ್ತಿರದ ರಾಮನಗರಕ್ಕೆ ಕರೆಸಿದ. ನಮ್ಮವರು ಬೇರೆ ದಾರಿಯಿಂದ ಬರುತ್ತಾರೆಂದು ಗೂಳಪ್ಪ ಆ ಕಡೆ ಹೋಗಿ ಪರಂಗಿಗಳಿಗೆ ಸುಳ್ಳು ಹೇಳಬೇಕು. ಅವರು ನಂಬಬೇಕಾದರೆ ಮೊದಲು ಇಲ್ಲಿಯವರೇ ಅವನನ್ನು ದ್ರೋಹಿಯೆಂದು ಹೊಡೆದಿರಬೇಕು.

"ನೀನ ಹೊಡಿ," ಎಂದಿದ್ದ ಗೂಳಪ್ಪ. "ಮಂದಿ ಕೈಲೆ ಹೊಡಿಸ್ಕೊಳ್ಳಾಕ ನನಗ ನಾಚಿಕಿ."

ಹಳಿಯಾಳದ ಸಂತೆಯಲ್ಲಿ ಉಳವಪ್ಪ ಚಪ್ಪಲಿ ಬಿಚ್ಚಿದ. ಗೂಳಪ್ಪ ಗಡಿ ದಾಟಿ ಸುಳ್ಳು ಹೇಳಿ ಬಂದ. ಯುದ್ಧ ಎರಡು ದಿನಕ್ಕೆ ಮುಗಿಯಿತು. ಸಾಹೇಬ ವರ್ಗವಾಗಿ ಹೋದ. ದ್ರೋಹಿಯನ್ನು ಹೊಡೆದವನೆಂದು ಜನ ಉಳವಪ್ಪನಿಗೆ ಹಾರ ಹಾಕಿದರು, ಪಂಚಾಯ್ತಿಗೆ ಆರಿಸಿದರು. ಇದೊಂದು ಇಲೆಕ್ಷನ್ ಮುಗಿಯಲಿ, ನಿಜ ಹೇಳುತ್ತೇನೆ ಎಂದ ಉಳವಪ್ಪ. ಗೂಳಪ್ಪ ಮೂರು ಇಲೆಕ್ಷನ್ ಕಾಯ್ದ. ಆಮೇಲೆ ಕೇಳುವುದನ್ನು ಬಿಟ್ಟ.

*

"ತಡೀರಿ," ಎಂದ ಉಳವಪ್ಪ. "ಇಂವ ದ್ರೋಹಿ ಅಲ್ಲ. ನಮ್ಮ ಸಾಹೇಬ ಹೇಳಿದ್ದಕ್ಕ ಹೋಗಿದ್ದ. ಅವತ್ತು ನಾ ಹೊಡದದ್ದೂ ನಾಟಕ. ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

ಅಡಿವೆಯ್ಯನವರ ಕೈ ನಿಂತಿತು. ಮಲ್ಲೇಶ ಕಣ್ಣೊರೆಸಿಕೊಂಡ.

"ದೊಡ್ಡ ಮನಸಂದ್ರ ಇದು ನೋಡ್ರಿ," ಎಂದ ಅವನು. " ಸತ್ತಾವನ ಮಾನ ಉಳಸಾಕ ತಪ್ಪು ತಮ್ಮ ಮ್ಯಾಲ ಹಾಕ್ಕೊಂತಾರ."

"ಖರೇನ ಹೇಳಾಕತ್ತೇನೋ."

"ಆತ್ರೀ ಕಾಕಾ, ನಂಬಿದ್ವಿ. ಬಿಸಲಾಗ ನಿಂದ್ರಬ್ಯಾಡ್ರಿ."

ಯಾರೋ ಕುರ್ಚಿ ತಂದರು. ಮಲ್ಲೇಶ ಅದನ್ನು ಟವೆಲ್ಲಿನಿಂದ ಒರೆಸಿ, ಉಳವಪ್ಪನ ರಟ್ಟೆ ಹಿಡಿದು ನೆರಳಿನಲ್ಲಿ ಕೂಡ್ರಿಸಿದ. ಇಬ್ಬರು ಬಂದು ಕಾಲು ಮುಟ್ಟಿದರು.

ಅನ್ನಪೂರ್ಣಾ ಕುಣಿಗೆ ಹಾಕಲು ಮಣ್ಣು ಹಿಡಿದು ನಿಂತಿದ್ದಳು. ಅವಳು ಕುಣಿಯ ಕಡೆ ತಿರುಗಲಿಲ್ಲ. ಕುರ್ಚಿಯಲ್ಲಿ ಕುಳಿತವನನ್ನೇ ನೋಡುತ್ತಿದ್ದಳು. ಬಿಗಿದ ಮುಷ್ಟಿಯ ಸಂದಿಯಿಂದ ಮಣ್ಣು ಅವಳ ಕಾಲ ಮೇಲೆಯೇ ಉದುರುತ್ತಿತ್ತು.