ಮಂಗಳವ್ವನ ವ್ಯಾನು ನಿಂತ ಮಧ್ಯಾಹ್ನ

ಡ್ರೈವರ್ ಗೂಡುಸಾಬ ಡೀಸೆಲ್ ಕದ್ದು ಮಾರುತ್ತಾನೆ ಎಂಬ ಗುಮಾನಿ ಮಂಗಳವ್ವನ ತಲೆ ಹೊಕ್ಕು ತಿಂಗಳಾಗಿತ್ತು. ಹಳ್ಳಿಗಳಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಸಾಗಿಸಲೆಂದು ಎಂಬತ್ತೊಂಬತ್ತರಲ್ಲಿ ಅವಳು ಕೊಂಡ ವ್ಯಾನು ಮೊದಲೇ ಹಳೆಯದು. ಎರಡು ವಾರದಿಂದ ಅದು ದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲತೊಡಗಿತ್ತು. ನಿಂತಲ್ಲೆಲ್ಲ ಇವನು ಕ್ಯಾನಿಗೆ ಬಸಿದುಕೊಳ್ಳುತ್ತಾನೆ ಎಂದೇ ಅವಳ ಎಣಿಕೆ. ಹಿಡಿದೇ ಬಿಡಬೇಕೆಂದು ಆ ದಿನ ಕುಪ್ಪೇಲೂರಿನಿಂದ ಬರುವಾಗ ತಾನೇ ಮುಂದಿನ ಸೀಟಿನಲ್ಲಿ ಕುಳಿತಳು.

ರಾಣೆಬೆನ್ನೂರು ಇನ್ನೂ ಮೂರು ಮೈಲಿ ಇದೆ ಎನ್ನುವಾಗ ಇಂಜಿನ್ನು ಎರಡು ಸಲ ಬಿಕ್ಕಿ ಸುಮ್ಮನಾಯಿತು.

"ಡೀಸೆಲ್ ಬರವಲ್ದು ಅವ್ವಾರ. ಫಿಲ್ಟರ್ ಕಟ್ಟೇತಿ," ಎಂದ ಗೂಡುಸಾಬ ಇಂಜಿನ್ನಿನ ಮುಚ್ಚಳ ಎತ್ತಿ ಬಹಳ ಹೊತ್ತು ತಡಕಾಡಿದ. "ಎಲ್ಲಾ ಗಾಡಿಗೂ ಇಲ್ಲೇ ಇರತೈತಿ. ಇದಕ್ಕ ಎಲ್ಲಿ ಕುಂದ್ರಸ್ಯಾರೋ ತಿಳೀವಲ್ದು."

"ನಾಕ ತಿಂಗಳಿಂದ ಓಡಸ್ತಿ, ಫಿಲ್ಟರ್ ಎಲ್ಲೈತಿ ಅಂತ ಗೊತ್ತಿಲ್ಲಾ?"

"ಇಷ್ಟ ದಿನಾ ಸ್ವಲ್ಪ ಹೊತ್ತು ಬಿಟ್ರ ತಾನ ಚಾಲೂ ಆಗತಿತ್ರಿ."

ಮಂಗಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು. "ಟ್ಯಾಂಕಿನಿಂದ ಪೈಪ್ ಹಿಡಕೊಂಡು ಹೋಗು. ನನ್ನ ಕಣ್ಣ ಮುಂದ ಹುಡುಕು."

ಅವನು ಗಾಡಿಯ ಕೆಳಗೆ ಅಂಗಾತ ತೂರಿದ. ಅವಳು ಬಗ್ಗಿ, ಅವನ ಕೈ ಸರಿದಲ್ಲೆಲ್ಲ ಕಣ್ಣು ಸರಿಸಿದಳು. ಟ್ಯಾಂಕಿನಿಂದ ಒಂದು ಮೊಳ ಮುಂದೆ, ಒಳಮಗ್ಗುಲಿಗೆ, ಕೆಸರು ಮೆತ್ತಿ ಕಲ್ಲಾಗಿದ್ದ ಡಬ್ಬಿಯೊಂದು ಸಿಕ್ಕಿತು. ಅದೇ ಫಿಲ್ಟರು. ಬಿಚ್ಚಿದರೆ ಒಳಗೆ ನೀಲಿ ನೂಲಿನ ಮುದ್ದೆ.

ಗೂಡುಸಾಬನ ಮುಖ ಬಿಗಿಯಿತು. "ಬಟ್ಟಿ ಎಳಿ! ಯಾರೋ ಬೇಕಂತ ಟ್ಯಾಂಕಿಗೆ ಹಾಕ್ಯಾರ್ರಿ. ಆ ಇನ್ನೊಂದು ವ್ಯಾನಿನ ಮಲ್ಲಿಕಸಾಬಂದ ಈ ಕೆಲಸ. ಅವನ ಬಾಡಿಗಿ ನಮಗ ಬಂತಂತ ಉರಕೊಂಡಿದ್ದ."

ಮಂಗಳವ್ವ ಒಂದು ಎಳೆಯನ್ನು ಬೆರಳಲ್ಲಿ ಎಳೆದು ನೋಡಿದಳು. ಆ ನೀಲಿ ಅವಳ ಹಳೆಯ ಸೀರೆಯದು. ದಿನಾ ಬೆಳಗ್ಗೆ ಅವನು ಬರುವ ಮೊದಲು ಕೋಲಿಗೆ ಆ ಸೀರೆಯ ತುಂಡು ಸುತ್ತಿ, ಟ್ಯಾಂಕಿಗೆ ಇಳಿಬಿಟ್ಟು, ಎಲ್ಲಿಯವರೆಗೆ ತೊಯ್ದಿದೆ ಎಂದು ನೋಡುತ್ತಿದ್ದವಳು ಅವಳೇ. ಸವೆದ ಅದರ ಎಳೆಗಳು ಟ್ಯಾಂಕಿನಲ್ಲೇ ಉದುರಿದ್ದವು. ಅಳತೆ ಒಂದು ದಿನವೂ ತಪ್ಪಿರಲಿಲ್ಲ. ಆದರೂ ಗುಮಾನಿ ಹೋಗಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಗೂಡುಸಾಬ ನಟ್ಟು ಬಿಚ್ಚುವ ಪಾನಾ ಹಿಡಿದು, ಬ್ಯಾಡಗಿ ಮುಟ್ಟಿದ ಕೂಡಲೇ ಮಲ್ಲಿಕಸಾಬನ ಕೊರಳಪಟ್ಟಿ ಹಿಡಿಯುವ ಮಾತಾಡುತ್ತಿದ್ದ.

"ಅವಂದಲ್ಲ, ನಂದು," ಎಂದಳು. "ನಿನ್ನ ಮ್ಯಾಲೆ ಸಂಶೆ ಇತ್ತು. ದಿನಾ ಕೋಲ ಹಾಕಿ ಅಳೀತಿದ್ದೆ."

ಅವನು ಡಬ್ಬಿ ತೊಳೆದು ಕೂಡಿಸಿ, ಪೈಪಿನಲ್ಲಿ ಸಿಕ್ಕಿಕೊಂಡ ಹವಾ ತೆಗೆದು ಗಾಡಿ ಚಾಲೂ ಮಾಡಿದ. ಬ್ಯಾಡಗಿಯಲ್ಲಿ ಚೀಲ ಇಳಿಸಿದ ಮೇಲೆ ಚಾವಿಯನ್ನು ಅವಳ ಕೈಗಿಟ್ಟು, "ಡೀಸೆಲ್ ಲೆಕ್ಕಾ ಕೇಳಿದ್ರ ಹೇಳ್ತಿದ್ನಲ್ರಿ," ಎಂದು ನಡೆದುಬಿಟ್ಟ.

ಮರುದಿನ ಮಂಗಳವ್ವ ಅವನ ಮನೆಗೆ ಹೋದಳು. ಅವನ ಹೆಂಡತಿ ಸಕೀನಾಬಿ ಬಾಗಿಲಲ್ಲೇ ನಿಂತಳು, ಒಳಗೆ ಕರೆಯಲಿಲ್ಲ.

"ತಪ್ಪು ನಂದು ತಂಗಿ. ಅವಗ ಹೇಳು."

ನಾಲ್ಕನೆಯ ದಿನ ಗೂಡುಸಾಬ ಬಂದು ಚಾವಿ ಕೇಳಿದ. ಕೆಲಸಕ್ಕೆ ಬೇಕಾದಷ್ಟೇ ಮಾತು. ಮೊದಲಿನಂತೆ ಅವಳ ಮನೆಯಲ್ಲಿ ಕುಳಿತು ಚಹಾ ಕುಡಿಯಲು ಯುಗಾದಿಯೇ ಬರಬೇಕಾಯಿತು.