ಎದುರು ಸಾಲು

"ಏನ್ಲೇ ಅದು? ಹೆಂಡ್ತಿ ಕೆನ್ನೆ ಸವರ್ತಿದೀಯೇನ್ಲೇ? ಹೊಡಿ, ಜೋಳ ತಿನ್ನೋ ನಾಯಿ!"

ಜಪಾನಿ ಬೋಧಕ ಕುವಾಬಾರನ ಬೂಟು ಚೀನೀ ವಿದ್ಯಾರ್ಥಿ ಫೂಷಾನನ ಮೊಣಕಾಲಿನ ಹಿಂದಕ್ಕೆ ಬಿತ್ತು. ಚೀನಾದ ನೆಲದಲ್ಲಿ ಜಪಾನ್ ಕಟ್ಟಿದ ಮಂಚುಕುವೋ ರಾಜ್ಯದ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರಿಸುವ ಆ ಶಾಲೆಯಲ್ಲಿ ಒಬ್ಬನ ಅಂಗಿಯ ಗುಂಡಿ ಕಿತ್ತುಹೋಗಿದ್ದರೂ ಶಿಕ್ಷೆ ಎಲ್ಲರಿಗೆ. ಚೀನೀಯರು ಹಿಮದಲ್ಲಿ ಎರಡು ಸಾಲಾಗಿ ಎದುರುಬದುರು ನಿಂತು, ಒಬ್ಬರ ಕೆನ್ನೆಗೊಬ್ಬರು ಬಾರಿಸಬೇಕು. ದೊರೆಗಳ ಕೈ ನೋಯಬಾರದಲ್ಲ! ಸೌಹಾರ್ದದ ಏಟು ಎಂದು ಅದಕ್ಕೆ ಏಟು ತಿನ್ನುವವರೇ ಹೆಸರಿಟ್ಟುಕೊಂಡು ನಗುತ್ತಿದ್ದರು.

ಫೂಷಾನನ ಎದುರಿಗೆ ಅವನ ಊರಿನವನೇ ಆದ ದೇಕೂನ್ ನಿಂತಿದ್ದ. ಇಷ್ಟು ದಿನ ಇಬ್ಬರೂ ಅಂಗೈ ಗುಳಿ ಮಾಡಿ, ಸದ್ದು ಜಾಸ್ತಿ ನೋವು ಕಮ್ಮಿ ಆಗುವಂತೆ ಹೊಡೆದುಕೊಂಡು ಬಚಾವಾಗಿದ್ದರು. ಇವತ್ತು ಆ ಆಟ ಕುವಾಬಾರನಿಗೆ ತಿಳಿದುಹೋಗಿತ್ತು.

"ಸರಿಯಾಗಿ ಹೊಡೆದೋನಿಗೆ ತುಕಡಿ ನಾಯಕನ ಪಟ್ಟಿ. ಕೈ ನಡುಗಿದೋನು ನಾಳೆನೇ ಮನೆಗೆ."

ಫೂಷಾನನಿಗೆ ಮನೆಯೆಲ್ಲಿತ್ತು? ಅಪ್ಪ ಗೇಯುತ್ತಿದ್ದ ಹೊಲ ಜಪಾನಿನಿಂದ ಬಂದು ನೆಲೆಸಿದವರ ಪಾಲಾಗಿತ್ತು. ಮಗ ಅಧಿಕಾರಿಯಾಗುತ್ತಾನೆಂಬ ಮುಲಾಜಿಗೆ ಅಪ್ಪನನ್ನೂ ತಂಗಿಯರನ್ನೂ ಅದೇ ಹೊಲದಂಚಿನ ಕೊಟ್ಟಿಗೆಯಲ್ಲಿ ಇರಗೊಟ್ಟಿದ್ದರು. ಫೂಷಾನ್ ಹೊರಬಿದ್ದರೆ ಈ ಚಳಿಯಲ್ಲಿ ಅವರು ಬೀದಿಪಾಲು.

"ಹೊಡಿಯಲೇ, ನನ್ನ ಕೆನ್ನೆ ದಪ್ಪಗೈತೆ," ದೇಕೂನ್ ಪಿಸುಗುಟ್ಟಿದ.

ಫೂಷಾನ್ ಮೈಭಾರವನ್ನೆಲ್ಲ ಹಾಕಿ ಬಾರಿಸಿದ. ದೇಕೂನ್ ಮುಗ್ಗರಿಸಿ ಎದ್ದು ನಿಂತಾಗ ಕಿವಿಯಿಂದ ರಕ್ತ ಇಳಿಯುತ್ತಿತ್ತು. "ಶಭಾಷ್!" ಎಂದ ಕುವಾಬಾರ. ಫೂಷಾನನ ಎದೆ ಒಂದು ಗಳಿಗೆ ಉಬ್ಬಿತು. ಹೊಡೆದದ್ದನ್ನಾದರೂ ಹೊಟ್ಟೆಪಾಡು ಅನ್ನಬಹುದಿತ್ತು, ಆ ಹಿಗ್ಗಿಗೆ ಏನೆನ್ನುವುದು?

ಮಧ್ಯಾಹ್ನ ಜಪಾನಿಯರ ಊಟದ ಮನೆಯಿಂದ ಅನ್ನದ ಘಮ ಬರುತ್ತಿತ್ತು. ಇವರಿಗೆ ಎಂದಿನ ಕೆಂಪು ಜೋಳದ ಗಂಜಿ.

"ದೇಕೂನಣ್ಣ, ತಪ್ಪಾಯ್ತು ಕಣೋ."

ದೇಕೂನ್ ಗಂಜಿ ಹೀರುತ್ತಲೇ ಇದ್ದ. ಆಮೇಲೆ ತಿರುಗಿದ. "ಏನಾರ ಅಂದೇನ್ಲಾ? ಈ ಕಡೆ ಬಂದು ಹೇಳು. ಆ ಕಿವೀಲಿ ಬರೀ ಗುಂಯ್ ಅಂತೈತೆ."

ಫೂಷಾನ್ ಎದ್ದು ಅವನ ಇನ್ನೊಂದು ಪಕ್ಕಕ್ಕೆ ಬಂದು ಕೂತ. "ಏನಿಲ್ಲಣ್ಣ, ಗಂಜಿಗೆ ಉಪ್ಪು ಕಮ್ಮಿ ಅಂದೆ," ಎಂದ. ತನ್ನ ಮುಖಕ್ಕೆ ತಾನೇ ಉಗಿಯಬೇಕೆನಿಸಿತು.

ಮರುದಿನ ಬೆಳಿಗ್ಗೆ ಫೂಷಾನನ ತೋಳಿಗೆ ನಾಯಕನ ಪಟ್ಟಿ ಬಂತು. ಕವಾಯತಿನಲ್ಲಿ ಎಲ್ಲರೂ ಎಡಕ್ಕೆ ಹೊರಳಿದಾಗ ಆಜ್ಞೆ ಸರಿಯಾಗಿ ಕೇಳಿಸದ ದೇಕೂನ್ ನೆಟ್ಟಗೆ ನಿಂತೇ ಇದ್ದ. ಮತ್ತೆ ಎರಡು ಸಾಲು.

"ಕಿವುಡು ಸೂಳೇಮಗ! ನಾಯಕ, ಇನ್ನೊಂದು ಕಿವೀನೂ ಮುಗಿಸು."

ದೇಕೂನ್ ಕಣ್ಣು ಮುಚ್ಚಿ ಆ ಕೆನ್ನೆಯನ್ನೂ ಒಡ್ಡಿದ. ಫೂಷಾನ್ ಕೈ ಎತ್ತಿದ. ಹಾಗೇ ಇಳಿಸಿದ. ನಡುವಿನ ಹಿಮವನ್ನು ದಾಟಿ ಹೋಗಿ ದೇಕೂನನ ಪಕ್ಕದಲ್ಲಿ, ಅವನ ಸಾಲಿನಲ್ಲೇ, ಭುಜಕ್ಕೆ ಭುಜ ತಾಗಿಸಿ ನಿಂತ.

"ಎಲ್ಲಿಗ್ಲೇ ಹೋಗ್ತಿ, ನಾಯಿ?"

"ನಮ್ಮ ಸಾಲಿಗೆ, ಸಾಹೇಬ್ರೆ. ಹೊಡಿಯೋರು ಬೇಕಾದ್ರೆ ನೀವೇ ಎದುರಿಗೆ ಬನ್ನಿ."

ಹೇಳಿದ ಮೇಲೆ ಅಪ್ಪನ ಮುಖ ಕಣ್ಣಿಗೆ ಕಟ್ಟಿತು. ಕುವಾಬಾರ ಒಂದೊಂದೇ ಬೆರಳಿನಿಂದ ಕೈಗವಸು ಕಳಚುತ್ತ ಬಂದು, ಎದುರು ಸಾಲಿನಲ್ಲಿ ಫೂಷಾನ್ ಬಿಟ್ಟ ಖಾಲಿ ಜಾಗದಲ್ಲಿ ನಿಂತ.