ಅರಬಾಳ ಬಾವಿ ನೀರು

ಮಾಂಕೆಸಿಮ್ ಊರಿನ ಸಂತೆ ರಸ್ತೆಯ ಹಳೆಯ ಪೆಟ್ರೋಲ್ ಬಂಕನ್ನು ಮುಚ್ಚಿ, ನೆಲದಡಿಯ ಟ್ಯಾಂಕುಗಳನ್ನು ಎತ್ತತೊಡಗಿದಾಗ ಪಕ್ಕದ ಮನೆಯ ಅರಬಾ ಗೋಡೆಯ ಮೇಲಿಂದ ಇಣುಕಿ ನೋಡಿದಳು. ಕ್ರೇನಿಗೆ ನೇತುಬಿದ್ದ ಟ್ಯಾಂಕಿನ ಹೊಟ್ಟೆಯಲ್ಲಿ ಕೈ ತೂರುವಷ್ಟು ತೂತು. ಗುಂಡಿಯ ಮಣ್ಣು ಕಾಡಿಗೆಯಂತೆ ಕಪ್ಪು. ಅವಳ ಬಾವಿ ಅಲ್ಲಿಂದ ಒಂದೇ ಗೋಡೆಯಾಚೆ.

ಆ ನೀರಿನಲ್ಲೇ ಅವಳು ಮೆಕ್ಕೆಜೋಳ ನೆನೆಸಿ, ಹಿಟ್ಟನ್ನು ಹುಳಿ ಬರಿಸಿ, ಬಾಳೆಲೆಯಲ್ಲಿ ಸುತ್ತಿ ಕೆಂಕೆ ಬೇಯಿಸಿ ಮಾರುತ್ತಿದ್ದಳು. ತಾಯಿಯಿಲ್ಲದ ಮೊಮ್ಮಗಳು ಕುಕುವಾಳನ್ನು ಸಾಕುತ್ತಿದ್ದುದೂ ಅದರಿಂದಲೇ. ಬಾವಿ ಕೆಟ್ಟಿದೆಯೆಂದು ಊರಿಗೆ ತಿಳಿದರೆ ಗಿರಾಕಿಗಳೆಲ್ಲ ರಸ್ತೆಯಾಚೆಯ ಎಫುವಾಳ ಅಂಗಡಿಗೆ ಹೋಗುತ್ತಾರೆ. ಎಫುವಾಳದು ನಲ್ಲಿ ನೀರು.

ಟ್ಯಾಂಕು ಎತ್ತಿಸಲು ಬಂದಿದ್ದ ಪೆಟ್ರೋಲ್ ಕಂಪನಿಯ ಇಂಜಿನಿಯರ್ ಟೆಟ್ಟೆ ನಯವಾದ ಮನುಷ್ಯ. ಆದರೆ ಊಟಕ್ಕೆ ದಿನವೂ ಎಫುವಾಳ ಹತ್ತಿರವೇ ಹೋಗುತ್ತಿದ್ದ. ಅರಬಾ ಒಮ್ಮೆ ಕೆಣಕಿಯೇಬಿಟ್ಟಳು.

"ಏನು ಇಂಜಿನಿಯರಪ್ಪಾ, ನನ್ನ ಕೆಂಕೆಯಲ್ಲಿ ಮುಳ್ಳಿದೆಯಾ?"

"ಹೊಟ್ಟೆ ಸರಿಯಿಲ್ಲಮ್ಮಾ," ಎಂದು ನಕ್ಕ.

ಸುತ್ತಲ ಬಾವಿಗಳ ನೀರನ್ನು ಪರೀಕ್ಷೆಗೆ ಕಳಿಸುವ ದಿನ ಬಂತು. ಅವನು ತನ್ನ ಕೈಯಾರೆ ಸೇದಿ ತುಂಬಬೇಕಿದ್ದ ಬಾಟಲಿಯನ್ನು ಅರಬಾಳ ಕೈಗೆ ಕೊಟ್ಟ. ಕೆಟ್ಟಿದೆಯೆಂದು ಬಂದರೆ ಬಾವಿಗೆ ಕೆಂಪು ಬಣ್ಣ ಬಳಿದು ಮುಚ್ಚಿಸುತ್ತಾರೆ, ನೀವೇ ತುಂಬಿಸಿಕೊಡಿ ಎಂದು ಹೇಳಿ, ಬೇವಿನ ನೆರಳಲ್ಲಿ ಬೆನ್ನು ತಿರುಗಿಸಿ ಕೂತ. ಅರಬಾ ಅಡುಗೆಮನೆಯ ಹಿಂದೆ ಹೋಗಿ, ಮಳೆನೀರಿನ ಡ್ರಮ್ಮಿನಿಂದ ಬಾಟಲಿ ತುಂಬಿದಳು. ಓದಿದವನ ಕಣ್ಣಿಗೇ ಮಣ್ಣೆರಚಿದೆನೆಂದು ಹಿಗ್ಗಿದಳು, ಹುಚ್ಚಿ.

ನೀರು ಶುದ್ಧವೆಂದು ಕಾಗದ ಬಂತು. ಅರಬಾ ಅದನ್ನು ಅಂಗಡಿಯಲ್ಲಿ ತೂಗುಹಾಕಿದಳು. ನೀರು ಶುದ್ಧವಿದ್ದ ಮೇಲೆ ಮಣ್ಣು ಎತ್ತುವ ಖರ್ಚೇಕೆಂದು ಕಂಪನಿಯವರು ಕಪ್ಪು ಮಣ್ಣನ್ನು ಇದ್ದಲ್ಲೇ ಬಿಟ್ಟು, ಗುಂಡಿ ಮುಚ್ಚಿ, ಸಿಮೆಂಟು ಹಾಕಿ ಹೊರಟುಹೋದರು.

ಮಳೆಗಾಲ ಕಳೆಯುವಷ್ಟರಲ್ಲಿ ಕೊಡದ ನೀರಿನ ಮೇಲೆ ಎಣ್ಣೆಯ ಬಣ್ಣಗಳು ತೇಲತೊಡಗಿದವು. ಕುಕುವಾ ತಿಂದದ್ದನ್ನೆಲ್ಲ ಕಕ್ಕುತ್ತಿದ್ದಳು. ಅರಬಾ ಕೇಪ್ ಕೋಸ್ಟ್ ಪಟ್ಟಣದ ಕಂಪನಿ ಕಚೇರಿಗೆ ಹೋಗಿ ಟೆಟ್ಟೆಯ ಮುಂದೆ ಎಲ್ಲ ಒಪ್ಪಿಕೊಂಡು ಅತ್ತಳು. ಇನ್ನೊಮ್ಮೆ ಬಾವಿ ನೀರನ್ನು ಪರೀಕ್ಷೆ ಮಾಡಿಸಿ, ಆ ಮಣ್ಣನ್ನಾದರೂ ಎತ್ತಿಸಿ ಎಂದು ಬೇಡಿಕೊಂಡಳು.

"ಗೊತ್ತಮ್ಮಾ. ಡ್ರಮ್ಮಿನ ಮುಚ್ಚಳದ ಸದ್ದು ನನಗೂ ಕೇಳಿಸ್ತು," ಎಂದ ಅವನು, ಅದೇ ನಯದಲ್ಲಿ. "ನೀವು ಮಾಡದಿದ್ರೆ ನಾನೇ ಮಾಡ್ಬೇಕಾಗ್ತಿತ್ತು. ಈಗ ಬಾಯಿ ಬಿಟ್ರೆ, ಊರಿಗೆಲ್ಲ ವಿಷ ಉಣಿಸಿದೋಳು ಅಂತ ಹಿಡಿಯೋದು ನಿಮ್ಮನ್ನೇ. ಮನೆಗೆ ಹೋಗಿ."

ಬಸ್ಸಿನಲ್ಲಿ ಅವಳು ಅಳಲಿಲ್ಲ. ಮರುದಿನ ಬೆಳಗಾಗುತ್ತಲೇ ಎಂದಿನಂತೆ ಅದೇ ನೀರಿಗೆ ಹಿಟ್ಟು ಕಲಸಿ ಒಲೆ ಹಚ್ಚಿದಳು. ವಾಸನೆ ಮುಚ್ಚಲು ಚಟ್ನಿಗೆ ಮೆಣಸಿನಕಾಯಿ ಜಾಸ್ತಿ ಅರೆದಳು. ಸೀಮೆಎಣ್ಣೆ ನಾತ ಬರ್ತಿದೆಯಲ್ಲ ಎಂದ ಹಮಾಲಿಗೆ, ಓದಲು ಬರುತ್ತದೋ ಇಲ್ಲವೋ ಎಂದು ಗದರಿ ಗೋಡೆಯ ಕಾಗದ ತೋರಿಸಿದಳು. ಅವನು ತಲೆ ತಗ್ಗಿಸಿ ತಿಂದ.

ಮಧ್ಯಾಹ್ನ ಕುಕುವಾಳ ಕೈ ಹಿಡಿದುಕೊಂಡು ರಸ್ತೆ ದಾಟಿ, ಎಫುವಾಳ ಹತ್ತಿರ ಎರಡು ಕೆಂಕೆ ಕೇಳಿದಳು. ಎಫುವಾ ಹುಬ್ಬೇರಿಸಿದಳು.

"ಏನಕ್ಕಾ, ಹಂಡೆ ತುಂಬ ನಿಂದೇ ಇದೆಯಲ್ಲ?"

"ಹೊಟ್ಟೆ ಸರಿಯಿಲ್ಲ ಕಣೇ," ಎಂದಳು ಅರಬಾ.